ಸಫ್ವಾನನ ದಣಿವು

ಸಫ್ವಾನ್ ಮೈದಾನದಲ್ಲಿ ಓಡಿದರೆ ನನ್ನ ಕಾಲು ಉರಿಯುತ್ತದೆ. ಈಗ ಪ್ರತಿ ಫುಟ್‌ಬಾಲ್ ಆಟಗಾರನಿಗೂ ಹೀಗೆ ದಣಿವು ಹೊರುವವರೊಬ್ಬರು ಇರುತ್ತಾರೆ. ಉಳ್ಳಾಲದ ಶಾಲೆಯಲ್ಲಿ ಅವನಿಗೆ ಪಾಠ ಹೇಳಿದವಳು ನಾನು. ಅವನು ಕೇಳಿದಾಗ ಸಂತೋಷದಿಂದಲೇ ಒಪ್ಪಿದ್ದೆ.

ಲೀಗ್ ಮುಗಿದ ವಾರ ಅವನು ಎಣ್ಣೆಯ ಬಾಟಲಿ ಹಿಡಿದು ಬಂದ. ನೆಲದಲ್ಲಿ ಕುಳಿತು ನನ್ನ ಊದಿದ ಮೊಣಕಾಲು ತಿಕ್ಕತೊಡಗಿದ.

“ದೇಶದೇಶದ ಕ್ಲಬ್‌ಗಳಿಗೆ ಇನ್ನೊಂದು ಕಪ್ ಮಾಡಿದ್ದಾರೆ ಟೀಚರ್. ಏಳು ಮ್ಯಾಚ್. ಅದೆಲ್ಲ ಬೇಕಾ ಅಂತ.”

“ನಿನಗೆ ಆಡುವ ಆಸೆ ಉಂಟಾ?”

ಅವನು ತಲೆಯೆತ್ತಲಿಲ್ಲ. “ಉಂಟು.”

“ಮತ್ತೆಂತ ಕೇಳುವುದು? ಹೋಗು ಮಾರಾಯ. ನನಗೆ ಎಲ್ಲಿಗೆ ಓಡ್ಲಿಕ್ಕುಂಟು?”

ಆರು ಪಂದ್ಯ ಮುಗಿಯುವಾಗ ನಾನು ಹಾಸಿಗೆ ಹಿಡಿದಿದ್ದೆ. ಪಕ್ಕದ ಮನೆಯ ಲಿಲ್ಲಿಬಾಯಿ ಗಂಜಿ ತಂದು, ಟಿವಿಯನ್ನು ನನ್ನತ್ತ ತಿರುಗಿಸಿಟ್ಟರು. ಫೈನಲಿನ ಕೊನೆಯ ನಿಮಿಷ; ನಮ್ಮವರು ಒಂದು ಗೋಲು ಹಿಂದೆ. ಚೆಂಡು ಸಫ್ವಾನನ ಮುಂದೆ ಉರುಳಿತು. ಓಡಿದ್ದರೆ ಸಿಗುತ್ತಿತ್ತು. ನಾನು ಹಲ್ಲು ಕಚ್ಚಿ ಕಾದೆ.

ಅವನು ನಡೆದ.

ಗ್ಯಾಲರಿಯಿಡೀ ಬೈಯಿತು. “ಓಡು ಮಾರಾಯ, ಓಡು!” ಎಂದು ನಾನೂ ಕೂಗಿದೆ. ನನ್ನ ಕಾಲು ಮಾತ್ರ ತಣ್ಣಗಿತ್ತು.