ಫೋಟೋಗೆ ಕೊಟ್ಟ ಇನ್‌ಹೇಲರ್

ಓದಿ ಸಿಟ್ಟು ಬಂದರೆ ಬರಲಿ... ಪೂರ್ತಿ ಓದದೆ ಮಾತ್ರ ಮುಂದೆ ಕಳಿಸಬೇಡಿ.

ಹುಬ್ಬಳ್ಳಿಯ ಒಂದು ದೊಡ್ಡ ಅಪಾರ್ಟ್‌ಮೆಂಟ್. ಅಲ್ಲಿನ ಮಹಿಳಾ ಮಂಡಳದ ಅಧ್ಯಕ್ಷೆ ಸುಲೋಚನಾ ಮೇಡಂ.

ಮೇಡಂಗೆ ಆಸ್ತಮಾ. ಪರ್ಸಿನಲ್ಲಿ ಸದಾ ಇನ್‌ಹೇಲರ್... ಆದರೆ ಯಾರಿಗೂ ಗೊತ್ತಾಗಬಾರದು! ದಮ್ಮು ಹತ್ತಿದರೆ ಬಾತ್‌ರೂಮಿಗೆ ಓಡಿ, ಚಿಲಕ ಹಾಕಿಕೊಂಡು ಎಳೆದುಕೊಳ್ಳುತ್ತಿದ್ದರು. ಮಗನ ಮದುವೆ ಮಾತುಕತೆ ನಡೆದಿತ್ತಲ್ಲ, ಬೀಗರು ಏನಂದಾರು!

ಇಂಥವರು ಆಸ್ತಮಾ ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡರು. ಯಾಕೆ? ಪಕ್ಕದ ಅಪಾರ್ಟ್‌ಮೆಂಟಿನವರು ಶುಗರ್ ಕ್ಯಾಂಪ್ ಮಾಡಿ ಪೇಪರಿನಲ್ಲಿ ಬಂದಿದ್ದರು, ಅದಕ್ಕೆ.

ಬೆಳಿಗ್ಗೆಯೇ ನೀಲವ್ವನಿಗೆ ಹುಕುಂ ಆಯಿತು. ಅಂಗಳ ಗುಡಿಸಿ, ಮೇಡಂ ಮನೆಗೆಲಸವನ್ನೂ ಮಾಡುವವಳು ಆಕೆ.

"ಗೆಸ್ಟ್ ಬರೋದ್ರೊಳಗ ಎಲ್ಲಾ ಲಕಲಕ ಅನ್ನಬೇಕು. ಒಣಎಲಿ, ಹಳೇ ಫ್ಲೆಕ್ಸು ಕಂಪೌಂಡ್ ಹಿಂದ ಒಯ್ದು ಸುಟ್ಟುಬಿಡು."

"ಹಿಂದ ನಮ್ಮ ಮನಿ ಅದಾವ್ರಿ ಮೇಡಂ... ನನ್ನ ಮಗಳಿಗೆ ಹೊಗಿ ಆಗಂಗಿಲ್ರಿ, ದಮ್ಮ ಹತ್ತತೈತ್ರಿ."

ಮೇಡಂ ಮುಖ ಅರಳಿತು. "ದಮ್ಮೈತಾ? ಛಲೋ ಆತು! ಸ್ಟೇಜಿಗೆ ಕರ್ಕೊಂಡು ಬಾ, ಇನ್‌ಹೇಲರ್ ಕೊಡ್ತೀವಿ. ಮೊದ್ಲು ಕಸ ಸುಡು."

ನೀಲವ್ವ ಸುಟ್ಟಳು. ಇಲ್ಲ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ಎಸಿ ಹಾಲ್, ಬಾದಾಮಿ ಹಾಲು, ಮೊದಲ ಸಾಲಿನಲ್ಲಿ ಬೀಗರು. ಮೇಡಂ ಮೈಕಿನಲ್ಲಿ ಗುಡುಗಿದರು... "ಇನ್‌ಹೇಲರ್ ಅಂದ್ರ ನಾಚಿಕಿ ಯಾಕ? ಮುಚ್ಚಿಡಬ್ಯಾಡ್ರಿ!"

ಚಪ್ಪಾಳೆಯೋ ಚಪ್ಪಾಳೆ.

ನೀಲವ್ವನ ಮಗಳು ರೇಣುಕಾ ಸ್ಟೇಜ್ ಹತ್ತಿದಾಗಲೇ ಏದುಸಿರು ಬಿಡುತ್ತಿದ್ದಳು. ಕೈಗೆ ಇನ್‌ಹೇಲರ್ ಕೊಟ್ಟರು. "ಸ್ವಲ್ಪ ನಗವಾ" ಎಂದ ಫೋಟೋಗ್ರಾಫರ್.

ಕೆಳಗಿಳಿಯುತ್ತಲೇ ಹುಡುಗಿ ಕುಸಿದಳು. ನೀಲವ್ವ ಆ ಇನ್‌ಹೇಲರ್ ಮಗಳ ಬಾಯಿಗಿಟ್ಟು ಒತ್ತಿದಳು... ಮತ್ತೆ ಒತ್ತಿದಳು... ಏನೂ ಬರಲಿಲ್ಲ.

"ಅದು ಡೆಮೋ ಪೀಸು... ಒಳಗ ಔಷಧ ಇಲ್ಲ" ಎಂದು ಕಾರ್ಯದರ್ಶಿ ಗೊಣಗಿದರು.

ಹುಡುಗಿಯ ತುಟಿ ನೀಲಿಗಟ್ಟುತ್ತಿತ್ತು. ಮೇಡಂ ಕೈ ಪರ್ಸಿನ ಜಿಪ್ ಮೇಲೆ ಹೋಯಿತು... ಅಲ್ಲೇ ನಿಂತಿತು. ಕಣ್ಣು ಬೀಗರ ಕಡೆ.

ಥೂ! ಒಂದು ಜೀವ ಒದ್ದಾಡುವಾಗಲೂ ಆಕೆಗೆ ಮರ್ಯಾದೆಯದೇ ಚಿಂತೆ.

ನೀಲವ್ವ ಓಡಿ ಬಂದು ಮೇಡಂ ಕಿವಿಯ ಹತ್ತಿರ ಬಾಯಿ ತಂದಳು. ಯಾರಿಗೂ ಕೇಳಿಸದಂತೆ ಹೇಳಿದಳು... "ನಿಮ್ಮ ಬಾತ್‌ರೂಮ್ ತೊಳಿಯಾಕಿ ನಾನ ಅಲ್ಲೇನ್ರಿ ಮೇಡಂ... ನಂಗ ಎಲ್ಲಾ ಗೊತ್ತೈತಿ. ಇಷ್ಟ್ ದಿನ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಕೈ ಮುಗೀತೀನ್ರಿ, ಕೊಡ್ರಿ..."

ಪರ್ಸಿನ ಜಿಪ್ ತೆರೆಯಿತು.

ಔಷಧ ಒಳಗೆ ಹೋಯಿತು... ರೇಣುಕಾಳ ಎದೆ ನಿಧಾನವಾಗಿ ಏರಿಳಿಯತೊಡಗಿತು. ಆಸ್ಪತ್ರೆಗೆ ಹೋಗಲು ಆಟೋ ಬಂತು.

ಹೊರಡುವ ಮುನ್ನ ನೀಲವ್ವ ಖಾಲಿ ಇನ್‌ಹೇಲರನ್ನು ಮೇಡಂ ಕೈಗೆ ಇಟ್ಟಳು.

"ಇದನ್ನ ಇಟ್ಗೋರಿ... ಮುಂದಿನ ಫೋಟೋಕ್ಕ ಬೇಕಾಗತೈತಿ."

ಬೀಗರ ಎದುರಿಗೇ ಮೇಡಂ ಬಿಕ್ಕಿ ಬಿಕ್ಕಿ ಅತ್ತರು.

ಹೊಗೆ ಹಾಕಿದ ಕೈಯೇ ಮೈಕ್ ಹಿಡಿದರೆ ಅದು ಜಾಗೃತಿಯಲ್ಲ, ನಾಟಕ.

ನಿಮ್ಮ ಅಂಗಳದ ಕಸ ಇವತ್ತು ಯಾರ ಮನೆಯ ಬಾಗಿಲಲ್ಲಿ ಉರಿಯುತ್ತಿದೆ... ಒಮ್ಮೆಯಾದರೂ ಹೋಗಿ ನೋಡಿದ್ದೀರಾ?