ದೀಪದ ಮೇಲಿನ ಟೇಪು

ಫೈನಲ್ ಪಂದ್ಯ ಮಧ್ಯಾಹ್ನ ಒಂದಕ್ಕೆ. ಇನ್ನು ಅರ್ಧ ಗಂಟೆ ಇರುವಾಗ ಅತ್ತಿಗೆ ತನ್ನ ಮನೆಯ ಸೆಟ್‌ಟಾಪ್ ಬಾಕ್ಸಿನಿಂದ ಅಸಲಿ ಕಾರ್ಡನ್ನು ಎಳೆದು, ಕನ್ನಡಕದ ಡಬ್ಬಿಯೊಳಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಅತ್ತಿಗೆ?" ಎಂದ ಮೈದುನ, ಕನ್ನಡಿಯ ಮುಂದೆ ಮೂರನೇ ಸಲ ತಲೆ ಬಾಚುತ್ತ. ಬೀದಿಯವರ ಬಾಯಲ್ಲಿ ಅವನು ಕಾರ್ಡ್ ಪಂಡಿತ. ಕಂಪನಿಗೆ ಚಂದಾ ಕಟ್ಟದೆ ಎಲ್ಲ ಚಾನೆಲ್ಲೂ ಕಾಣುವ ನಕಲಿ ಕಾರ್ಡು ತಯಾರಿಸಿ ನಲವತ್ತು ಮನೆಗೆ ಹಂಚಿದವನು.

"ನಿನ್ನ ಮಾವ ಆಗೋರ ಮನೆಗೆ. ನೀನು ಬರೋದ್ರೊಳಗೆ ಅಲ್ಲಿರೋ ನಿನ್ನ ಕಾರ್ಡ್ ತೆಗೆದು ನಂದು ಹಾಕ್ತೀನಿ. ಇವತ್ತು ನಿನ್ನ ಕಾರ್ಡುಗಳಿಗೆ ಆಯಸ್ಸು ಮುಗೀತು ಕಣಯ್ಯಾ."

"ಶುರುವಾಯ್ತು ದೀಪದ ಪುರಾಣ" ಎಂದು ಅವನು ನಕ್ಕ.

ಪುರಾಣ ಇಷ್ಟೇ. ನಕಲಿ ಕಾರ್ಡು ಹಾಕಿದ ಬಾಕ್ಸಿನಲ್ಲಿ ಮುಂದಿನ ಪುಟ್ಟ ಕೆಂಪು ದೀಪ ಆಗೀಗ ಮಿಟುಕುತ್ತಿತ್ತು. ಯಾಕೆ ಯಾಕೆ ಎಂದು ಜನ ತಲೆ ತಿನ್ನತೊಡಗಿದಾಗ ಪಂಡಿತ ಪ್ರತಿ ಕಾರ್ಡಿನ ಜೊತೆ ಒಂದು ಚೂರು ಕರಿ ಟೇಪು ಕೊಟ್ಟ: ದೀಪದ ಮೇಲೆ ಅಂಟಿಸಿ, ಹಾಯಾಗಿರಿ. ಬೀದಿಯೆಲ್ಲ ಹಾಯಾಗಿತ್ತು. ಅತ್ತಿಗೆಯ ರಿಪೇರಿ ಮೇಜಿನ ಮೇಲಿದ್ದ ಒಂದು ಬಾಕ್ಸಿಗೆ ಮಾತ್ರ ಟೇಪು ಇರಲಿಲ್ಲ. ಹದಿನೆಂಟು ವರ್ಷ ಬಾಕ್ಸು ಬಿಚ್ಚಿ ಕಟ್ಟಿದ ಹೆಂಗಸು ಅವಳು. ಮಿಟುಕುವುದನ್ನು ಮುಚ್ಚಿ ಗೊತ್ತಿಲ್ಲ. ಒಂದು ತಿಂಗಳಿಂದ ದಿನವೂ ಒಂದೂವರೆಗೆ, ಯಾರೂ ರಿಮೋಟ್ ಮುಟ್ಟದಿದ್ದರೂ, ದೀಪ ಎಂಟು ಸಲ ಮಿಟುಕುತ್ತಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕಂಪನಿಯವರು ಉಪಗ್ರಹದ ಸಿಗ್ನಲ್ಲಿನ ಜೊತೆ ಆಕಾಶದಿಂದ ನಕಲಿ ಕಾರ್ಡಿನೊಳಗೆ ವಿಷವನ್ನು ಹನಿ ಹನಿಯಾಗಿ ಇಳಿಸುತ್ತಿದ್ದಾರೆ, ಕೊನೆಯ ಹನಿ ಬಿದ್ದ ದಿನ ಕಾರ್ಡು ಸಾಯುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಆ ದಿನ ಫೈನಲ್ ಅಲ್ಲದೆ ಇನ್ಯಾವುದಿದ್ದೀತು? ತಾನಾಗಿದ್ದರೂ ಅದನ್ನೇ ಆರಿಸುತ್ತಿದ್ದಳು.

"ನನ್ನ ಕಾರ್ಡ್ ಕೆಡಿಸೋ ಗಂಡು ಇನ್ನೂ ಹುಟ್ಟಿಲ್ಲ ಅತ್ತಿಗೆ."

"ಹೆಣ್ಣು ಹುಟ್ಟಿರಬಹುದು" ಎಂದು ಅವಳು ಮೆಟ್ಟಿಲಿಳಿದಳು.

ಅವಳ ಚಿಂತೆ ಕಾರ್ಡಿನದಲ್ಲ. ಅದೇ ಬೀದಿಯ ತುದಿಯಲ್ಲಿ ಹೆಣ್ಣು ನೋಡಿದ ಮನೆಗೆ ಈ ಮಹಾಶಯ ಉಡುಗೊರೆ ಎಂದು ಕೊಟ್ಟದ್ದೂ ಅದೇ ಕಾರ್ಡು. ಹುಡುಗಿಯ ಅಪ್ಪ ಪಂದ್ಯ ನೋಡಲು ನೆಂಟರನ್ನೆಲ್ಲ ಕರೆದಿದ್ದರು. ಹುಡುಗಿ ಇನ್ನೂ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಅಷ್ಟು ಜನರೆದುರು ಟಿವಿ ಕಪ್ಪಾದರೆ ಸಂಬಂಧಕ್ಕೂ ಅಲ್ಲಿಗೇ ಮಂಗಳ. ಆರು ವರ್ಷದವನಿದ್ದಾಗಿನಿಂದ ಮೂಗು ಒರೆಸಿ ಬೆಳೆಸಿದ ಮೈದುನ. ಬೀದಿಯಲ್ಲಿ ಬೇಕಾದರೆ ಅವನ ಮಾನ ಹೋಗಲಿ, ಆ ಹುಡುಗಿಯ ಮುಂದೆ ಹೋಗಬಾರದು.

ನೆಂಟರು ಊಟದ ಕೋಣೆಯಲ್ಲಿದ್ದರು. ಅತ್ತಿಗೆ ಸದ್ದಿಲ್ಲದೆ ಟಿವಿಯ ಮುಂದೆ ಕೂತು ಕನ್ನಡಕದ ಡಬ್ಬಿ ತೆರೆಯುವಷ್ಟರಲ್ಲಿ ಹುಡುಗಿ ಪಕ್ಕದಲ್ಲಿ ಬಂದು ಕುಕ್ಕರಿಸಿದಳು. ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ ಅವಳದು.

"ಒಳಗಿಡಿ ಅಕ್ಕಾ. ಹೋದ ವಾರವೇ ಅಸಲಿ ಕಾರ್ಡ್ ತಂದು ಹಾಕಿದೀನಿ."

"ನಿನಗ್ಯಾರಮ್ಮ ಹೇಳಿದ್ದು?"

"ದಿನಾ ಇನ್ನೂರು ಮೀಟರಿನ ದೀಪ ನೋಡೋಳು ನಾನು. ಮಿಟುಕೋ ದೀಪಕ್ಕೆ ಟೇಪ್ ಹಾಕಿದ್ರೆ ಕೈ ಸುಮ್ಮನಿರುತ್ತಾ? ಕಿತ್ತು ನೋಡಿದೆ. ಊಟಕ್ಕೆ ಬಂದಾಗೆಲ್ಲ ಒಂದೂವರೆಗೆ ಸರಿಯಾಗಿ..."

"ಎಂಟು ಸಲ" ಎಂದಳು ಅತ್ತಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಿಮ್ಮ ಮೈದುನರಿಗೂ ಹೇಳಿದೆ. 'ನೀವು ಮೀಟರ್ ನೋಡ್ಕೊಳ್ಳಿ' ಅಂದ್ರು."

"ಪುಣ್ಯವಂತೆ. ನನಗೆ ಅಷ್ಟು ಮರ್ಯಾದೆಯಿಂದಲೂ ಹೇಳಲಿಲ್ಲ" ಎಂದು ಅತ್ತಿಗೆ ಡಬ್ಬಿ ಮುಚ್ಚಿದಳು.

ಒಂದೂವರೆಗೆ ಬೀದಿ ಸತ್ತಂತಾಯಿತು. ಕಿಟಕಿ ಕಿಟಕಿಯಿಂದ ಬರುತ್ತಿದ್ದ ಕಾಮೆಂಟರಿ ಒಂದೇ ಏಟಿಗೆ ನಿಂತು, ಈ ಮನೆಯದೊಂದೇ ಉಳಿಯಿತು. ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಪಂಡಿತನ ಮುಖ ಒಂದು ಗಳಿಗೆ ಬಿಳಿಚಿತು. ಎದುರಿಗೆ ಪಂದ್ಯ ನಡೆದೇ ಇತ್ತು. ಅವನು ಗಂಟಲು ಸರಿಮಾಡಿಕೊಂಡ.

"ನೋಡಿದ್ರಾ ಮಾವ? ನಿಮ್ಮನೆಗೆ ಅಂತ ಬೇರೆ ಥರಾನೇ ಮಾಡಿದ್ದೆ. ಬಂಡೆ ಇದ್ದ ಹಾಗಿದೆ."

ಅಪ್ಪ ನೆಂಟರ ಕಡೆ ತಿರುಗಿ ಮೀಸೆ ತಿರುವಿದರು. ಹುಡುಗಿ ಪಂಡಿತನಿಗೆ ಕಾಲ ಹೆಬ್ಬೆರಳಿನಿಂದ ಟಿವಿ ಮೇಜಿನ ಕಾಲನ್ನು ತೋರಿಸಿದಳು. ಅದರಡಿ ಒತ್ತು ಕೊಟ್ಟು ಕೂತಿತ್ತು, ಪಂಡಿತ ತನ್ನ ಕೈಯಾರೆ ನಕ್ಷತ್ರದ ಗುರುತು ಹಾಕಿ ಕೊಟ್ಟ ಕಾರ್ಡು.

"ಮೇಜು ಅಲ್ಲಾಡ್ತಿತ್ತು" ಎಂದಳು, ಅವನಿಗೂ ಅತ್ತಿಗೆಗೂ ಕೇಳುವಷ್ಟೇ ಮೆಲ್ಲಗೆ.

ಹೊರಗೆ ಗೇಟು ಬಡಿಯುವ ಸದ್ದು. "ಪಂಡಿತಾ, ಲೋ ಪಂಡಿತಾ" ಎಂದು ಹತ್ತಾರು ದನಿಗಳು. ಅವನು ಅತ್ತಿಗೆಯ ಮುಖ ನೋಡಿದ, ಚಿಕ್ಕಂದಿನಲ್ಲಿ ಗಾಜು ಒಡೆದು ಬಂದಾಗ ನೋಡುತ್ತಿದ್ದಂತೆ. ಅತ್ತಿಗೆ ಪಂದ್ಯದಲ್ಲಿ ಮುಳುಗಿದ್ದಳು.

"ಹಾಗಾದ್ರೆ... ನಮ್ಮ ವಿಷಯ?" ಎಂದ, ಹುಡುಗಿಯ ಕಡೆ ತಿರುಗಿ.

"ನಲವತ್ತು ಮನೆಗೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ನೀವು ಅಂಟಿಸಿದ ಟೇಪು ನೀವೇ ಬಿಡಿಸ್ಕೊಂಡು ಬನ್ನಿ. ಆಮೇಲೆ ಕೇಳಿ."

ಅವನು ಎದ್ದು, ಅಂಗಿ ಕೆಳಗೆಳೆದುಕೊಂಡು, ಗೇಟಿನ ಕಡೆ ನಡೆದ. ನಿಂತೇ ಪಂದ್ಯ ನೋಡುತ್ತಿದ್ದ ನೆಂಟರೊಬ್ಬರು ಖಾಲಿಯಾದ ಕುರ್ಚಿಗೆ ಕೈ ಚಾಚಿದರು. ಅವರಿಗಿಂತ ಮುಂಚೆ ಹುಡುಗಿ ತನ್ನ ಮೀಟರ್ ಪುಸ್ತಕವನ್ನು ಅದರ ಮೇಲೆ ಇಟ್ಟುಬಿಟ್ಟಳು.