ಹೇಳದ ಹೆಸರು

ಹಣಕಾಸು ವರದಿಗಾರಿಕೆಯ ಪ್ರಶಸ್ತಿ ಹಿಡಿದು ಅವನು ಮನೆಗೆ ಬಂದ. ಸಹಕಾರಿ ಬ್ಯಾಂಕೊಂದರ ಸುಳ್ಳು ಸಾಲಗಳನ್ನು ಬಯಲಿಗೆಳೆದ ವರದಿಗೆ ಸಿಕ್ಕಿದ್ದು. ಆ ಬ್ಯಾಂಕಿನ ಮ್ಯಾನೇಜರ್ ಆಗಿದ್ದ ಅವನ ಮಾವ ಜೈಲಿನಲ್ಲೇ ತೀರಿಕೊಂಡಿದ್ದರು.

"ಸುದ್ದಿ ಕೊಟ್ಟವರ ಹೆಸರು ಇವತ್ತಿಗೂ ಬಿಟ್ಟುಕೊಟ್ಟಿಲ್ಲ ಅಂತ ಹೊಗಳಿದ್ರಂತೆ," ಎಂದಳು ಹೆಂಡತಿ.

"ಹೂಂ."

"ನನಗಾದ್ರೂ ಹೇಳ್ರೀ. ಅಪ್ಪ ಸಾಯೋವರೆಗೂ ಅದನ್ನೇ ಕೇಳ್ತಿದ್ರು."

"ಹೇಳೋ ಹಾಗಿಲ್ಲ, ಶಾರ್ವರಿ."

"ಯಾರೇ ಆಗಿರ್ಲಿ, ಅವರ ಮನೆ ಹಾಳಾಗ್ಲಿ," ಎಂದು ಶಪಿಸಿ ಅವಳು ಒಳಗೆ ಹೋದಳು.

ಅವನು ಪ್ರಶಸ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕುಳಿತ. ವರದಿ ಬರೆಯುವುದಕ್ಕೆ ಮುಂಚೆ ಒಂದು ದಿನ, "ಸತ್ತವರ ಹೆಸರಲ್ಲೆಲ್ಲ ಬ್ಯಾಂಕಿನ ಮೇಲಿನವರು ಅಪ್ಪನ ಕೈಲಿ ಸಾಲ ಮಂಜೂರು ಮಾಡಿಸ್ತಿದಾರೆ, ಅಪ್ಪನಿಗೆ ನಿದ್ದೆನೇ ಇಲ್ಲ ರೀ," ಎಂದು ಸಾರು ಬಡಿಸುತ್ತಾ ಅವನೆದುರು ಕಣ್ಣೀರಿಟ್ಟವಳು ಅವಳೇ.